ಹಾರಬಾರದು ಎಂದು ಕಲಿಸಿದ ವರ್ಷ

ಹೋದ ತಿಂಗಳು ಕಡೂರಿನಲ್ಲಿ ಬಸ್ಸಿಗೆ ಕಾದು ಕಾದು ಬೇಸರವಾಗಿ, ಹತ್ತಿರದ ಆಟದ ಮೈದಾನದ ಕಡೆ ಹೆಜ್ಜೆ ಹಾಕಿದೆ. ಬೆಳಗಿನ ತುಂತುರು ನಿಂತಿತ್ತು, ನೆಲ ಇನ್ನೂ ಹಸಿಯಾಗಿತ್ತು. ಯಾರೋ ಒಬ್ಬ ಮೇಷ್ಟ್ರು ಗೋಲು ಕಂಬದ ಬುಡಕ್ಕೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿ ಹಿಡಿದು, ಸೊಂಟ ಬಗ್ಗಿಸಿ ಸುಣ್ಣದ ಪುಡಿ ಉದುರಿಸುತ್ತಾ ಬಾಗಿದ ಗೆರೆಯೊಂದನ್ನು ಎಳೆಯುತ್ತಿದ್ದರು. ಹಸಿ ಮಣ್ಣಿಗೆ ಸುಣ್ಣ ಬಿದ್ದಾಗ ಏಳುವ ವಾಸನೆ ಮೂಗಿಗೆ ಬಡಿಯಿತು. ಅದು ಹ್ಯಾಂಡ್‌ಬಾಲ್ ಅಂಕಣ ಎಂದು ಗುರುತಿಸಲು ನನಗೆ ಎರಡನೇ ಸಲ ನೋಡಬೇಕಾಗಲಿಲ್ಲ. ಅಷ್ಟರಲ್ಲಿ ನನ್ನ ಬಸ್ಸು ಬಂದು ಹೋಗಿತ್ತು.

ನಾನು ದೈಹಿಕ ಶಿಕ್ಷಣದ ಟೀಚರು. ಮಕ್ಕಳ ಬಾಯಲ್ಲಿ ಪಿ.ಟಿ. ಮಿಸ್ಸು. ಆ ವಾಸನೆ ನನ್ನನ್ನು ಎಳೆದುಕೊಂಡು ಹೋದದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷಕ್ಕೆ. ಬೀರೂರಿನ ನಮ್ಮ ಮನೆಯಿಂದ ಬೆಳಿಗ್ಗೆ ಪ್ಯಾಸೆಂಜರ್ ರೈಲು ಹಿಡಿದು, ಶಿವನಿಯಲ್ಲಿ ಇಳಿದು, ಅಲ್ಲಿಂದ ಎರಡು ಮೈಲಿ ನಡೆದರೆ ನನ್ನ ಶಾಲೆ. ಆ ಊರಿನ ಹೆಸರು ಇಲ್ಲಿ ಬೇಡ. ತಪ್ಪು ಮಾಡಿದವಳು ನಾನು, ಊರಿಗೆ ಯಾಕೆ ಅಂಟಿಸಬೇಕು?

ನನ್ನದು ಕಬಡ್ಡಿ. ಕಾಲೇಜಿನಲ್ಲಿ ನಾಲ್ಕು ವರ್ಷ ಆಡಿ, ಮಂಡಿ ತರಚಿಕೊಂಡು, ಒಂದಿಷ್ಟು ಕಪ್ಪು ಗೆದ್ದು ತಂದು, ಅದರ ಎರಡರಷ್ಟು ಸೊಕ್ಕು ತಂದವಳು. ಆದರೆ ಜೂನ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಹೆಡ್‌ಮಾಸ್ಟರು ಕ್ರೀಡಾಕೂಟದ ಸುತ್ತೋಲೆ ಹಿಡಿದುಕೊಂಡು ಬಂದರು.

"ಕಬಡ್ಡಿ, ಖೋ ಖೋ ಅಂದ್ರೆ ತಾಲ್ಲೂಕಲ್ಲಿ ನೂಕುನುಗ್ಗಲು ಮೇಡಂ. ಹ್ಯಾಂಡ್‌ಬಾಲ್‌ಗೆ ನಮ್ಮ ಕಡೆ ಒಂದು ಟೀಮೂ ಇಲ್ಲ. ಹೆಸರು ಕೊಟ್ಟೋರು ನೇರ ಜಿಲ್ಲೆಗೆ. ಬರೆಸಿಬಿಡ್ಲಾ?"

ಸರ್ಕಾರಿ ಶಾಲೆಗಳಲ್ಲಿ ಇದೊಂದು ಹಳೇ ಉಪಾಯ. ಯಾರೂ ಆಡದ ಆಟಕ್ಕೆ ಹೆಸರು ಕೊಟ್ಟರೆ, ಆಡದೆಯೇ ತಾಲ್ಲೂಕು ಗೆದ್ದ ಹಾಗೆ. ನಿಮಗೆ ಆ ಆಟ ಬರುತ್ತದೆಯೇ ಎಂದು ಅವರು ಕೇಳಲಿಲ್ಲ, ಬರುವುದಿಲ್ಲ ಎಂದು ನಾನೂ ಹೇಳಲಿಲ್ಲ. ಬಿ.ಪಿ.ಎಡ್. ಓದುವಾಗ ಹ್ಯಾಂಡ್‌ಬಾಲ್ ಎಂದರೆ ಪರೀಕ್ಷೆಯ ಹಿಂದಿನ ದಿನ ಉರು ಹೊಡೆದ ಎರಡು ಪುಟ, ಅಷ್ಟೆ. ಆದರೆ ಆ ಶಾಲೆಗೆ ಬಂದ ಮೊದಲ ಹೆಣ್ಣು ಪಿ.ಟಿ. ಟೀಚರು ನಾನು. "ಇವರೇನು ಆಡಿಸ್ತಾರೆ" ಎಂದು ಸ್ಟಾಫ್ ರೂಮಿನಲ್ಲಿ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿದ್ದಿತ್ತು. ಗೊತ್ತಿಲ್ಲ ಎನ್ನುವ ಮಾತು ಮೊದಲೇ ನನ್ನ ಬಾಯಿಗೆ ಒಗ್ಗದ್ದು, ಆಮೇಲಂತೂ ನಾಲಿಗೆ ಕಚ್ಚಿಕೊಂಡೇ ಇದ್ದೆ.

ಆಟ ಗೊತ್ತಿಲ್ಲದವರಿಗೆ ಹೇಳುವುದಾದರೆ, ಫುಟ್‌ಬಾಲನ್ನು ಕೈಯಲ್ಲಿ ಆಡಿದ ಹಾಗೆ. ಒಂದು ಕಡೆಗೆ ಏಳು ಜನ. ಅದರಲ್ಲಿ ಒಬ್ಬಳು ಗೋಲು ಕಾಯುವ ಗೋಲಿ. ಚೆಂಡು ಒಂದೇ ಕೈಯಲ್ಲಿ ಹಿಡಿಯುವಷ್ಟು ದೊಡ್ಡದು. ಅದು ಕೈಗೆ ಬಂತೆಂದರೆ ಮೂರು ಹೆಜ್ಜೆ, ಮೂರು ಸೆಕೆಂಡು. ಅಷ್ಟರೊಳಗೆ ಎಸೆಯಬೇಕು, ಇಲ್ಲವೇ ನೆಲಕ್ಕೆ ಪುಟಿಸಬೇಕು. ಗೋಲಿನ ಮುಂದೆ ಆರು ಮೀಟರ್ ದೂರದಲ್ಲಿ ಬಾಗಿದ ಗೆರೆ. ಅದರ ಒಳಗಿನ ನೆಲ ಗೋಲಿ ಒಬ್ಬಳದೇ. ಇಷ್ಟನ್ನು ನಾನು ಸರಿಯಾಗಿಯೇ ಕಲಿಸಿದೆ.

ನೀಲಗಿರಿ ಕಂಬ ನೆಟ್ಟು ಗೋಲು ಮಾಡಿಕೊಂಡೆವು. ನಮ್ಮ ಮೈದಾನದ್ದು ಎರೆ ಮಣ್ಣು. ಎರಡು ಹನಿ ಬಿದ್ದರೆ ಸಾಕು, ಪುಟಿಸಿದ ಚೆಂಡು ಮೇಲೇಳದೆ ಅಲ್ಲೇ ಅಂಟಿ ಕೂರುತ್ತಿತ್ತು. ಹಾಗಾಗಿ ಹುಡುಗಿಯರು ಪುಟಿಸುವುದನ್ನು ಬಿಟ್ಟು ಕೈಯಿಂದ ಕೈಗೆ ದಾಟಿಸುವುದನ್ನೇ ನೆಚ್ಚಿಕೊಂಡರು. ಎಸೆಯುತ್ತಿದ್ದರು, ಆದರೆ ಹಿಡಿಯಲು ಬರುತ್ತಿರಲಿಲ್ಲ. ಹಲಗೆಗೆ ಬಡಿದ ಹಾಗೆ ಚೆಂಡು ಅಂಗೈಗೆ ಬಡಿದು ಹಾರಿಹೋಗುತ್ತಿತ್ತು.

ಅದನ್ನು ಸರಿಪಡಿಸಿದ್ದು ನಾನಲ್ಲ, ಈರುಳ್ಳಿ. ಆಗಸ್ಟಿನ ಮಘೆ ಮಳೆ ಬಿಡುವು ಕೊಟ್ಟಾಗ ಊರಿಗೆ ಊರೇ ಈರುಳ್ಳಿ ಕೀಳಲು ಹೊಲಕ್ಕಿಳಿಯಿತು. ಪ್ರಾಕ್ಟೀಸಿಗೆ ಒಬ್ಬಳೂ ಇಲ್ಲ. ನಾನು ಸಿಟ್ಟು ಮಾಡಿಕೊಂಡು ನಮ್ಮ ಗೋಲಿ ಕಾವ್ಯಳ ಹೊಲಕ್ಕೇ ಹೋದೆ. ಅಲ್ಲಿ ತಂಡದ ನಾಲ್ವರು ಸಾಲಾಗಿ ನಿಂತು ಗಡ್ಡೆಗಳನ್ನು ಕೈಯಿಂದ ಕೈಗೆ ಎಸೆದು ರಾಶಿ ಹಾಕುತ್ತಿದ್ದರು. ಕಾವ್ಯಳ ಅಜ್ಜಿ ಬದುವಿನ ಮೇಲೆ ಕೂತು ಕೂಗುತ್ತಿದ್ದರು: "ಮೆಲ್ಲಕೆ ಹಿಡೀರೇ! ಬರೋದರ ಸಂಗಡ ಕೈ ಹಿಂದಕ್ಕೆ ಹೋಗ್ಬೇಕು. ಪೆಟ್ಟು ಬಿದ್ದ ಗಡ್ಡೆ ಮೂರು ದಿನಕ್ಕೆ ಕೊಳೀತೈತೆ."

ಪುಸ್ತಕದಲ್ಲಿ ಅರ್ಧ ಪುಟ ಹಿಡಿಯುವ ಮಾತನ್ನು ಅಜ್ಜಿ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು. ಮಾರನೇ ವಾರದಿಂದ ಚೆಂಡನ್ನು ಈರುಳ್ಳಿ ಎಂದುಕೊಂಡು ಹಿಡಿಯಿರಿ ಎಂದೆ. ಹಿಡಿತ ಬಂದೇಬಿಟ್ಟಿತು.

ಇನ್ನು ರಿಜ್ವಾನಾ. ಒಂಬತ್ತನೇ ತರಗತಿ. ಉದ್ದ ಕೈಕಾಲು, ತಲೆಗೆ ಬಿಗಿಯಾಗಿ ಕಟ್ಟಿದ ಸ್ಕಾರ್ಫು, ಮಾತಾಡುವ ಮೊದಲೇ ಪ್ರಶ್ನೆ ಕೇಳುವ ಕಣ್ಣು. ಊರ ಬಾಗಿಲಲ್ಲೇ ಅವಳ ತಂದೆ ಬಾಷಾ ಸಾಬರ ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲ ಹತ್ತು ಹಳ್ಳಿಯ ಬೋರ್‌ವೆಲ್ ಮೋಟಾರುಗಳು ಸುಟ್ಟರೆ ಅಲ್ಲಿಗೇ ಬರುತ್ತಿದ್ದವು. ಮಗಳನ್ನು ಆಡಲು ಕಳಿಸಿ ಎಂದು ಕೇಳಲು ಹೋದಾಗ, ಅವರು ತಾಮ್ರದ ತಂತಿ ಸುತ್ತುತ್ತಲೇ ನನಗೆ ಹೇಳಿದ್ದರು.

"ಈ ವರ್ಷ ಆಡ್ಲಿ ಮಿಸ್. ಜಿಲ್ಲಾ ಟೀಮಿಗೆ ಸೆಲೆಕ್ಟ್ ಆದ್ರೆ ಮುಂದಕ್ಕೂ ಆಡ್ಲಿ, ನಾನೇ ಕಳಿಸ್ತೀನಿ. ಆಗ್ಲಿಲ್ಲ ಅಂದ್ರೆ ಹತ್ತನೇ ಕ್ಲಾಸಲ್ಲಿ ಆಟ ಬಂದ್. ಓದು ಒಂದೇ."

ಊರಿನ ಎಲ್ಲ ಅಪ್ಪಂದಿರೂ ಹೇಳುವ ಮಾತೇ ಅದು. ಬೇರೆಯವರು ಆಟ ಬೇಡವೆಂದು ಮೊದಲೇ ಹೇಳಿಬಿಡುತ್ತಿದ್ದರು, ಇವರು ಒಂದು ಬಾಗಿಲು ತೆರೆದಿಟ್ಟಿದ್ದರು. ರಿಜ್ವಾನಾಳಿಗೆ ಅದು ಗೊತ್ತಿತ್ತು. ಅವಳಷ್ಟು ಮೈಮುರಿದು ಆಡಿದವರನ್ನು ನಾನು ಆಮೇಲೂ ಕಂಡಿಲ್ಲ.

ಜುಲೈನಲ್ಲಿ ಒಂದು ಸಂಜೆ, ಗೆರೆ ಹಾಕಿ ಮುಗಿಸಿದಾಗ ಅವಳು ಕೇಳಿದಳು.

"ಮಿಸ್, ಗೆರೆ ಆಚೆಯಿಂದ ಹಾರಿ, ಕಾಲು ನೆಲಕ್ಕೆ ಬೀಳೋದ್ರೊಳಗೆ ಎಸೆದ್ರೆ?"

ಕಬಡ್ಡಿಯಲ್ಲಿ ಬೆಳೆದ ನನಗೆ ಗೆರೆ ಎಂದರೆ ಗೋಡೆ. ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದಾಗ ಗದರುವುದು ನನ್ನ ಅಭ್ಯಾಸವಾಗಿತ್ತು.

"ಗೆರೆ ಅಂದ್ರೆ ಗೆರೆ ಕಣೇ. ಹಾರೋದೂ ಇಲ್ಲ, ಗೀರೋದೂ ಇಲ್ಲ. ತಲೆಹರಟೆ ಬಿಟ್ಟು ಆಡು."

ಮೊಬೈಲಿನಲ್ಲಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೋಡಿದ್ದೆ. ಯಾವುದೋ ದೇಶದ ಗಂಡಸರು ಹಕ್ಕಿಗಳ ಹಾಗೆ ಗೆರೆಯ ಮೇಲೆ ಹಾರಿ ಚೆಂಡು ಬಿಸಾಡುತ್ತಿದ್ದರು. ಅದು ದೊಡ್ಡವರ ಆಟದ ನಿಯಮ, ಶಾಲೆಯ ಮಕ್ಕಳಿಗೆ ಬೇರೆ ಇರಬೇಕು ಎಂದುಕೊಂಡೆ. ಆಗಲೇ ಬಾಯಿಬಿಟ್ಟು ಹೇಳಿಯಾಗಿತ್ತಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹೀಗೆ ಏಳು ಹುಡುಗಿಯರೂ ಅವರ ಬದಲಿಗಳೂ ಆ ಮಳೆಗಾಲವಿಡೀ ಗೆರೆಯ ಹೊರಗೆ ಕಾಲೂರಿ ನಿಂತು ಎಸೆಯುವುದನ್ನೇ ಕಲಿತರು.

ಜಿಲ್ಲಾ ಪಂದ್ಯ ತರೀಕೆರೆಯಲ್ಲಿ. ಸೆಪ್ಟೆಂಬರಿನ ಹುಬ್ಬೆ ಮಳೆಯ ಮೋಡ ಕವಿದ ದಿನ. ಬೀರೂರಿನಲ್ಲಿ ರೈಲು ಬದಲಾಯಿಸಿ, ಬುತ್ತಿಯ ಚಿತ್ರಾನ್ನವನ್ನು ರೈಲಿನಲ್ಲೇ ಮುಗಿಸಿ, ಹಾಡು ಹೇಳುತ್ತಾ ಹೋದೆವು. ಹುಡುಗಿಯರ ತಂಡಗಳು ಬಂದಿದ್ದದ್ದು ನಾಲ್ಕೇ. ಆಡುವಾಗಲೇ ನೋಡಿ ಜಿಲ್ಲಾ ತಂಡಕ್ಕೆ ಆರಿಸುತ್ತೇವೆ ಎಂದು ಮೊದಲೇ ಹೇಳಿದ್ದರು. ರಿಜ್ವಾನಾ ಎರಡೆರಡು ಸಲ ಶೂ ಲೇಸ್ ಕಟ್ಟಿಕೊಂಡಳು.

ಎದುರು ತಂಡದವರು ಮೊದಲರ್ಧದಲ್ಲಿ ಎರಡು ಸಲ ಗೆರೆಯ ಮೇಲೆ ಹಾರಿ ಗೋಲು ಹೊಡೆದರು. ಎರಡು ಸಲವೂ ನಾನು "ಫೌಲ್, ಫೌಲ್" ಎಂದು ಕಿರುಚಿದೆ. ರೆಫರಿ ನನ್ನ ಕಡೆ ವಿಚಿತ್ರವಾಗಿ ನೋಡಿದರು. ಇವರಿಗೆ ಕಣ್ಣು ಕಾಣುವುದಿಲ್ಲ ಎಂದು ನಾನು ಶಪಿಸಿದೆ. ರಿಜ್ವಾನಾ ಮಾತ್ರ ನನ್ನನ್ನು ನೋಡಲಿಲ್ಲ, ಆ ಹಾರಿದವಳ ಕಾಲುಗಳನ್ನೇ ನೋಡುತ್ತಿದ್ದಳು.

ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಚೆಂಡು ಅವಳ ಕೈಗೆ ಬಂತು. ಒಂದು, ಎರಡು, ಮೂರು ಹೆಜ್ಜೆ. ಗೆರೆಗೆ ಮುಂಚೆ ನೆಲ ಬಿಟ್ಟು ಎದ್ದಳು. ಅವಳ ಮುಂದೆ ಕೈಯೆತ್ತಿ ನಿಂತಿದ್ದವರ ತಲೆಯ ಮೇಲೆ ಅವಳ ತೋಳು ಕಂಡಿತು. ಚೆಂಡು ಗೋಲಿನ ಮೂಲೆಗೆ ಹೋಯಿತು, ಆಮೇಲೆ ಅವಳು ನೆಲಕ್ಕಿಳಿದಳು. ರೆಫರಿ ಸೀಟಿ ಊದಿದರು.

ಸೀಟಿ ಊದಿದ್ದು ಫೌಲಿಗೆ ಎಂದೇ ನಾನು ತಿಳಿದೆ. "ಬಾರೇ ಆಚೆ! ಎಷ್ಟು ಸಲ ಹೇಳಿದ್ದೀನಿ ನಿಂಗೆ!" ಎಂದು ಕೂಗಿ ಅವಳನ್ನು ಹೊರಗೆ ಕರೆದೆ. ಈ ಆಟದಲ್ಲಿ ಯಾರನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಇನ್ನೊಬ್ಬಳನ್ನು ಒಳಗೆ ತಳ್ಳಿ, ಅಂಕಣಕ್ಕೆ ಬೆನ್ನು ಹಾಕಿ ನಿಂತು ರಿಜ್ವಾನಾಳಿಗೆ ಮನಸಾರೆ ಬೈದೆ. ಅವಳು ತಲೆ ತಗ್ಗಿಸಲಿಲ್ಲ. ನನ್ನ ಭುಜದ ಆಚೆ, ಅಂಕಣದ ಕಡೆಗೇ ನೋಡುತ್ತಿದ್ದಳು. ಪಂದ್ಯ ಮುಗಿಯುವವರೆಗೂ ನಾನು ಅವಳನ್ನು ಮತ್ತೆ ಒಳಗೆ ಬಿಡಲಿಲ್ಲ.

ಸೋತೆವು. ಸಹಿ ಹಾಕಲು ಹೋದಾಗ ರೆಫರಿ ಹಾಳೆ ತೋರಿಸಿದರು. ಒಂಬತ್ತು, ಏಳು.

"ಏಳಾ? ನಮ್ಮದು ಆರಲ್ವಾ ಸಾರ್?" ಎಂದೆ.

"ಆ ಉದ್ದ ಹುಡುಗಿ ಹಾರಿ ಹೊಡೆದಿದ್ದು ಸೇರಿ ಏಳು."

"ಗೆರೆ ದಾಟಿದ್ಲಲ್ಲ ಸಾರ್."

"ಗಾಳೀಲಿದ್ದಾಗಲೇ ಚೆಂಡು ಬಿಟ್ಳಲ್ಲ ಮೇಡಂ, ಅದು ದಾಟಿದಂಗಲ್ಲ. ಇವತ್ತಿನ ಚೊಕ್ಕ ಗೋಲು ಅದೇ. ಅವಳನ್ನ ಯಾಕೆ ಕರ್ಕೊಂಡ್ಬಿಟ್ರಿ? ಸೆಲೆಕ್ಷನ್‌ನೋರು ಕೇಳ್ತಿದ್ರು, ಆಮೇಲೆ ಕಾಣ್ಲೇ ಇಲ್ಲ ಅಂತ ಬಿಟ್ರು. ಇನ್ನೂ ಪಟ್ಟಿ ಬರೀತಾ ಅವ್ರೆ, ಹೋಗಿ ಹೇಳಿ."

ಹೋದೆ. ಶಾಮಿಯಾನದ ಕೆಳಗೆ ಮೇಜು, ಮೂರು ಜನ ಹಿರಿಯ ಮೇಷ್ಟ್ರುಗಳು. ಪಟ್ಟಿಯಲ್ಲಿ ಇನ್ನೂ ಎರಡು ಸಾಲು ಖಾಲಿ ಇತ್ತು, ನಾನೇ ಕಣ್ಣಾರೆ ಕಂಡೆ. ಅವರಲ್ಲಿ ಒಬ್ಬರು ತಲೆಯೆತ್ತಿ ನಕ್ಕರು.

"ಏನ್ ಮೇಡಂ, ಹಾರಿದ್ರೆ ಫೌಲ್ ಅಂತ ಕೂಗ್ತಿದ್ರಿ? ಯಾವ ಊರಿನ ಹ್ಯಾಂಡ್‌ಬಾಲು ನಿಮ್ದು?"

ಉಳಿದಿಬ್ಬರೂ ನಕ್ಕರು. ಆ ಹುಡುಗಿಯ ತಪ್ಪಿಲ್ಲ, ನಾನು ತಪ್ಪು ಕಲಿಸಿದ್ದೆ, ಅವಳ ಹೆಸರು ಬರೆದುಕೊಳ್ಳಿ ಎನ್ನಬೇಕಿತ್ತು. ಮೂರು ವಾಕ್ಯ. ನನ್ನ ಮುಖ ಬಿಸಿಯಾಗಿತ್ತು. "ಮೊದಲನೇ ವರ್ಷ ಸಾರ್" ಎಂದು ಹಲ್ಲು ಕಿರಿದು ತಿರುಗಿ ಬಂದೆ. ಆಟದಲ್ಲಿ ಆದದ್ದು ಅಜ್ಞಾನ, ಇರಲಿ. ಮೇಜಿನ ಮುಂದೆ ಆದದ್ದು ಅಜ್ಞಾನವಲ್ಲ.

ವಾಪಸ್ ರೈಲಿನಲ್ಲಿ ಯಾರೂ ಹಾಡಲಿಲ್ಲ. ಒಂಬತ್ತು ಗೋಲು ಬಿಟ್ಟುಕೊಟ್ಟೆನೆಂದು ಕಾವ್ಯ ಅಳುತ್ತಿದ್ದಳು. "ನೀನು ಮಿಸ್ ಮಾತು ಕೇಳಿದ್ರೆ ಒಳಗೇ ಇರ್ತಿದ್ದೆ, ನಾವು ಗೆಲ್ತಿದ್ವಿ" ಎಂದು ಒಬ್ಬಳು ರಿಜ್ವಾನಾಳಿಗೆ ಅಂದಳು. ರಿಜ್ವಾನಾ ನನ್ನ ಕಡೆ ತಿರುಗಿದಳು.

"ಮಿಸ್, ನಾನ್ ಹಾರಿದ್ದು ತಪ್ಪಾ?"

ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಆಗಿದ್ದು ಆಗೋಯ್ತು. ಬಿಡು ಈಗ," ಎಂದೆ.

ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೇ ಅಸಹ್ಯ. ದಿನವೂ ಬೆಳಿಗ್ಗೆ ಸ್ಟೇಷನ್ನಿನಿಂದ ನಡೆದು ಬರುವಾಗ ಬಾಷಾ ಸಾಬರ ಅಂಗಡಿ ದಾಟಬೇಕು. ದಿನವೂ ಅವರು ಕೆಲಸ ನಿಲ್ಲಿಸಿ, ಎದ್ದು ನಿಂತು, "ನಮಸ್ಕಾರ ಮಿಸ್" ಎನ್ನುತ್ತಿದ್ದರು. ಮೊದಲು ಅವರು ಎದ್ದು ನಿಲ್ಲುತ್ತಿರಲಿಲ್ಲ. ನಾನು ನಮಸ್ಕಾರ ಎಂದು ಬಿರಬಿರನೆ ನಡೆದುಬಿಡುತ್ತಿದ್ದೆ. ಶಾಲೆಯಲ್ಲಿ ರಿಜ್ವಾನಾ ಹೇಳಿದಷ್ಟು ಮಾಡುತ್ತಿದ್ದಳು, ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದಳು. ಹುಡುಗಿಯರು ಅವಳಿಗೆ ಚೆಂಡು ಕೊಡುವುದನ್ನೂ ಕಡಿಮೆ ಮಾಡಿದ್ದರು. ಒಂದು ದಿನ ಹೆಡ್‌ಮಾಸ್ಟರು ಪ್ರಾರ್ಥನೆಯ ಹೊತ್ತಿನಲ್ಲಿ ಶಿಸ್ತಿನ ಬಗ್ಗೆ ಮಾತಾಡುತ್ತಾ, "ಗುರುಗಳ ಮಾತು ಮೀರಿದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಶಾಲೆಯಲ್ಲೇ ಉದಾಹರಣೆ ಇದೆ" ಎಂದುಬಿಟ್ಟರು. ಇಡೀ ಶಾಲೆ ಅವಳ ಕಡೆ ತಿರುಗಿತು.

ಆ ಸಂಜೆ ನಾನು ರೈಲು ಹಿಡಿಯಲು ಹೋಗಲಿಲ್ಲ. ಅಂಗಡಿಯ ಮುಂದೆ ನಿಂತೆ. ಬಾಷಾ ಸಾಬರು ಸ್ಟೂಲು ಒರೆಸಿ ಕೊಟ್ಟರು. ಕೂರಲಿಲ್ಲ.

"ಸಾಬರೇ, ನಿಮ್ಮ ಮಗಳು ತಪ್ಪು ಮಾಡಿಲ್ಲ. ಅವಳು ಹೊಡೆದದ್ದು ಸರಿಯಾದ ಗೋಲು. ನಿಯಮ ಗೊತ್ತಿಲ್ಲದೆ ಇದ್ದದ್ದು ನಂಗೆ. ಅವಳನ್ನ ಆಚೆ ಕರೆದು ಸೆಲೆಕ್ಷನ್ ತಪ್ಪಿಸಿದ್ದೂ ನಾನೇ."

ಅವರು ಕೈಯಲ್ಲಿದ್ದ ತಂತಿಯ ಉಂಡೆಯನ್ನು ನಿಧಾನವಾಗಿ ಕೆಳಗಿಟ್ಟರು.

"ಗೊತ್ತು ಮಿಸ್. ಅವತ್ತು ಮನೆಗೆ ಬಂದ ತಕ್ಷಣ ಹೇಳಿದ್ಲು. ಗೋಲಾದ ಮೇಲೆ ಆಟ ನಡುಗೆರೆಯಿಂದ ಶುರು ಮಾಡಿದ್ರಂತೆ, ಅದನ್ನ ನೋಡಿ ತಿಳ್ಕೊಂಡ್ಲಂತೆ. ನಾನು ನಾಳೇನೇ ಸ್ಕೂಲಿಗೆ ಬಂದು ಕೇಳ್ತೀನಿ ಅಂದೆ. ಬೇಡ ಅಬ್ಬಾ, ಮಿಸ್ಸೇ ಹೇಳ್ತಾರೆ ಅಂದ್ಲು. ಇವತ್ತಿಗೆ ಇಪ್ಪತ್ತು ದಿನ. ದಿನಾ ಸಾಯಂಕಾಲ ಕೇಳ್ತಿದ್ದೆ, ಹೇಳಿದ್ರಾ ಮಗಾ ಅಂತ. ಇಲ್ಲ ಅಬ್ಬಾ, ಹೇಳ್ತಾರೆ ಅಂತಿದ್ಲು."

ರೈಲಿನಲ್ಲಿ ಅವಳು ಪ್ರಶ್ನೆ ಕೇಳಿದ್ದು ಉತ್ತರ ಗೊತ್ತಿಲ್ಲದೆ ಅಲ್ಲ, ನನಗೊಂದು ದಾರಿ ಮಾಡಿಕೊಡಲಿಕ್ಕೆ. ಅವರು ಒರೆಸಿಕೊಟ್ಟ ಸ್ಟೂಲಿನ ಮೇಲೆ ಕೂತೆ. ಅಂಗಡಿಯ ಹಿಂದೆಯೇ ಮನೆ. "ಇಧರ್ ಆ ಬೇಟಾ" ಎಂದು ಅವರು ಕೂಗಿದಾಗ ರಿಜ್ವಾನಾ ಬಾಗಿಲಿಗೆ ಬಂದು ನಿಂತಳು. ಅವಳ ಮುಂದೆ ಮೇಜಿನ ಹತ್ತಿರ ಆದದ್ದನ್ನೂ ಹೇಳಿದೆ. ಖಾಲಿ ಇದ್ದ ಎರಡು ಸಾಲು, ಅವರ ನಗು, ನಾನು ಹಲ್ಲು ಕಿರಿದು ಬಂದದ್ದು, ಏನೂ ಉಳಿಸಿಕೊಳ್ಳಲಿಲ್ಲ.

ಅದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಅವಳ ಮುಖ ಬಣ್ಣಗೆಟ್ಟಿತು.

"ಹಾರೋದು ನಿಮ್ಗೆ ಗೊತ್ತಿರ್ಲಿಲ್ಲ, ಸರಿ ಮಿಸ್. ಟೇಬಲ್ ತಾವ ಗೊತ್ತಿತ್ತಲ್ಲ. ಯಾಕ್ ಸುಮ್ಕೆ ಬಂದ್ರಿ?"

"ಹೆದರಿಕೆ ಆಯ್ತು ಕಣೇ. ನಗ್ತಾರೆ ಅಂತ."

ಬಾಷಾ ಸಾಬರು ಬೇರೆ ಕಡೆ ನೋಡುತ್ತಿದ್ದರು. ನಾನು ಅವರನ್ನು ಬೇಡಿಕೊಂಡೆ. ಇನ್ನೊಂದು ವರ್ಷ ಆಡಲು ಬಿಡಿ, ಮುಂದಿನ ಸಲ ನಾನೇ ನಿಂತು ಸೆಲೆಕ್ಷನ್ ಮಾಡಿಸುತ್ತೇನೆ ಎಂದೆ. ಅವರು ತಲೆಯಾಡಿಸಿದರು.

"ಹತ್ತನೇ ಕ್ಲಾಸು ಅಂದ್ರೆ ಹತ್ತನೇ ಕ್ಲಾಸೇ ಮಿಸ್. ಅವಳ ಹತ್ರ ಒಂದು ಮಾತು ಆಡಿದ್ದೀನಿ. ನನ್ನ ಮಾತೂ ಮಾತೇ ಅಲ್ವಾ?"

ಅವರನ್ನು ತಪ್ಪೆನ್ನಲು ನನಗೆ ಯಾವ ಮುಖವಿತ್ತು? ಏಳುವಾಗ ರಿಜ್ವಾನಾಳನ್ನು ಕೇಳಿದೆ.

"ನಾಳೆ ಎಲ್ಲರ ಮುಂದೆ ಹೇಳ್ಲಾ?"

ಬೇಡ ಎನ್ನುತ್ತಾಳೆಂದು ಒಳಗೊಳಗೇ ಆಸೆಯಿತ್ತು. ಸುಳ್ಳು ಯಾಕೆ?

"ಹೇಳಿ ಮಿಸ್," ಎಂದಳು. "ಎಲ್ಲಾರ್ ಮುಂದೇನೇ ಹೇಳಿ. ಕಾವ್ಯ ಇನ್ನೂ ತನ್ನದೇ ತಪ್ಪು ಅಂತ ಅಳ್ತಾವ್ಳೆ."

ಮಾರನೇ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಕಟ್ಟೆ ಹತ್ತಿದೆ. ಕಬಡ್ಡಿಯಲ್ಲಿ ಎದುರಾಳಿಗಳ ಮಧ್ಯೆ ಒಬ್ಬಳೇ ನುಗ್ಗಿದಾಗಲೂ ಅಷ್ಟು ಹೆದರಿರಲಿಲ್ಲ. ಹಾರಿ ಎಸೆಯಬಹುದು ಎನ್ನುವುದೇ ಈ ಆಟದ ಮೊದಲ ಪಾಠ, ಅದನ್ನು ನಾನು ತಪ್ಪಾಗಿ ಕಲಿಸಿದೆ ಎಂದೆ. ನೀವು ಯಾರೂ ಸೋತಿಲ್ಲ, ಸೋಲಿಸಿದ್ದು ನಾನು ಎಂದೆ. ಮೇಜಿನ ಮಾತನ್ನೂ ಹೇಳಿದೆ. ಹೆಡ್‌ಮಾಸ್ಟರು ಪಕ್ಕದಲ್ಲೇ ಕೆಮ್ಮುತ್ತಾ, "ಇದೆಲ್ಲಾ ಮಕ್ಕಳ ಮುಂದೆ ಯಾಕೆ ಮೇಡಂ" ಎಂದು ಗೊಣಗಿದರು. "ಮಕ್ಕಳ ಮುಂದೆಯೇ ಅಲ್ವಾ ಸಾರ್ ಅವಳ ಹೆಸರು ಕೆಡಿಸಿದ್ದು" ಎಂದೆ.

ಸಾಲಿನಿಂದ ಕಾವ್ಯ ಕೈಯೆತ್ತಿದಳು.

"ಹಂಗಾದ್ರೆ ರಿಜ್ವಾನಾ ಒಳಗಿದ್ದಿದ್ರೆ ನಾವು ಗೆದ್ದಿರ್ತಿದ್ವಾ ಮಿಸ್?"

"ಗೊತ್ತಿಲ್ಲ ಕಣೇ," ಎಂದೆ. ಆ ಶಾಲೆಯಲ್ಲಿ ಆ ಮಾತನ್ನು ನಾನು ಆಡಿದ್ದು ಅದೇ ಮೊದಲು. "ಗೆದ್ದಿರಬಹುದಿತ್ತು."

ಗಂಟೆ ಹೊಡೆಯಿತು. ಮಕ್ಕಳು ಸಾಲು ಸಾಲಾಗಿ ತರಗತಿಗೆ ಹೊರಟರು. ರಿಜ್ವಾನಾ ಸಾಲು ಬಿಟ್ಟು ಕಟ್ಟೆಯ ಹತ್ತಿರ ಬಂದಳು. ನಾನು ಕೆಳಗಿಳಿದೆ. ಕ್ಷಮಿಸಿದೆ ಎನ್ನುತ್ತಾಳೇನೋ ಎಂದು ಕಾದೆ.

"ನಿಮ್ ಮ್ಯಾಲೆ ಸಿಟ್ಟು ಇನ್ನೂ ಹೋಗಿಲ್ಲ ಮಿಸ್," ಎಂದಳು. "ಸಾಯಂಕಾಲ ಪ್ರಾಕ್ಟೀಸ್ ಐತಲ್ವಾ?"

"ಇದೆ," ಎಂದೆ.

"ಬತ್ತೀನಿ."